ಪಕ್ಕದಲ್ಲಿ ನಿಲ್ಲುವ ಗೆಳೆತನ

2020ರ ಮಾರ್ಚ್ 25ರಂದು ದೇಶಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಿತು. ಮಂಗಳೂರಿನ ಶಾಲೆಗಳು ಅದಕ್ಕೂ ಮೊದಲೇ ಮುಚ್ಚಿದ್ದವು. ಸಿಟಿ ಬಸ್ಸುಗಳೂ ನಿಂತವು. ಕೆಲವು ವಾರಗಳ ಬಳಿಕ, ಆಟಿಸಂ ಅಥವಾ ಸ್ವಲೀನತೆಯುಳ್ಳ ಹನ್ನೊಂದು ವರ್ಷದ ಬಾಲಕನೊಬ್ಬನ ತಾಯಿ ನಮಗೆ ದೂರವಾಣಿ ಕರೆ ಮಾಡಿದರು. ಮಗನಿಗೆ ರಾತ್ರಿ ನಿದ್ರೆಯಿಲ್ಲ; ಸಂಜೆಯಾದೊಡನೆ ಚೀಲ ಹೊತ್ತು ಗೇಟಿನ ಬಳಿ ನಿಂತು ಅಳುತ್ತಾನೆ. "ಇವನಿಗೆ ಸ್ನೇಹಿತರು ಅಂತ ಯಾರೂ ಇಲ್ಲ ಡಾಕ್ಟ್ರೇ, ಶಾಲೆ ಮುಚ್ಚಿದರೆ ಇವನಿಗೇನು ಬೇಸರ?" ಎಂದು ಆಕೆ ಕೇಳಿದರು. ನಾವೂ ಅದನ್ನೇ ಒಪ್ಪಿ, ನಿದ್ರೆಗೆ ಔಷಧ ಸೂಚಿಸಿದೆವು. ಅದು ನಮ್ಮ ತಪ್ಪು.

ಮತ್ತೊಮ್ಮೆ ವಿಚಾರಿಸಿದಾಗ ಸಂಗತಿ ತಿಳಿಯಿತು. ಶಾಲೆ ಬಿಟ್ಟ ಮೇಲೆ ಈತನೂ ಇನ್ನೊಬ್ಬ ಹುಡುಗನೂ ದಿನವೂ ನಿಲ್ದಾಣದಲ್ಲಿ ಅಕ್ಕಪಕ್ಕ ನಿಂತು, ಸ್ಟೇಟ್ ಬ್ಯಾಂಕಿನತ್ತ ಹೋಗುವ ಬಸ್ಸುಗಳ ಸಂಖ್ಯೆಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಒಬ್ಬರ ಮುಖವನ್ನೊಬ್ಬರು ನೋಡುತ್ತಿದ್ದುದು ಅಪರೂಪ. ಬೇರೆ ಮಾತಂತೂ ಇಲ್ಲವೇ ಇಲ್ಲ. ಅದೇ ಅವರ ಗೆಳೆತನವಾಗಿತ್ತು.

1943ರಲ್ಲಿ ಈ ಸ್ಥಿತಿಯನ್ನು ವಿವರಿಸಿದ ಅಮೆರಿಕದ ವೈದ್ಯ ಲಿಯೋ ಕ್ಯಾನರ್, ಇಂಥ ಮಕ್ಕಳ ಒಂಟಿತನವನ್ನೂ, ಎಲ್ಲವೂ ಇದ್ದಂತೆಯೇ ಇರಬೇಕೆಂಬ ಹಂಬಲವನ್ನೂ ಗುರುತಿಸಿದ್ದರು. ಮೊದಲನೆಯದನ್ನು ಲೋಕವು ಅತಿಯಾಗಿ ನಂಬಿತು. ಇವರಲ್ಲಿ ಅನೇಕರಿಗೆ ಗೆಳೆಯರು ಬೇಕು. ಆದರೆ ಆ ಗೆಳೆತನವು ಗೊತ್ತಾದ ಸ್ಥಳ, ಗೊತ್ತಾದ ಹೊತ್ತು, ಮೆಚ್ಚಿನ ವಸ್ತುವೊಂದನ್ನು ಆಶ್ರಯಿಸಿರುತ್ತದೆ. ಲಾಕ್‌ಡೌನ್ ಈ ಮೂರನ್ನೂ ಒಟ್ಟಿಗೇ ಕಸಿದುಕೊಂಡಿತು. ವಿಡಿಯೋ ಕರೆಯೂ ಇವನಿಗೆ ಒಗ್ಗಲಿಲ್ಲ. ಅಲ್ಲಿ ಮುಖ ನೋಡಿ ಮಾತನಾಡಬೇಕು; ಪಕ್ಕದಲ್ಲಿ ಸುಮ್ಮನೆ ನಿಲ್ಲಲು ಎಡೆಯಿಲ್ಲ. ಗದ್ದಲ, ಹೀಯಾಳಿಕೆಗಳು ತಪ್ಪಿದವೆಂದು ನೆಮ್ಮದಿಯಿಂದಿದ್ದ ಮಕ್ಕಳೂ ಇದ್ದರೆನ್ನಿ.

ಸ್ವಲೀನತೆಯನ್ನು ಕಷಾಯ, ಘೃತಗಳಿಂದ ವಾಸಿಮಾಡುವೆವೆನ್ನುವವರನ್ನು ನಂಬಬೇಡಿ; ಆಯುರ್ವೇದ ವೈದ್ಯರಾಗಿಯೇ ಈ ಮಾತು ಹೇಳುತ್ತಿದ್ದೇವೆ. ಆದರೆ ಅಷ್ಟಾಂಗಹೃದಯದ ಎರಡನೆಯ ಅಧ್ಯಾಯವೇ ದಿನಚರ್ಯೆಯನ್ನು ಕುರಿತದ್ದು, ಮತ್ತು ಈ ಬಾಲಕನ ದಿನಚರ್ಯೆಯಿಂದ ಕಳಚಿಹೋದದ್ದು ಗೆಳೆಯ. ಸಂಜೆ ಅದೇ ಹೊತ್ತಿಗೆ ಇಬ್ಬರೂ ಬಸ್ಸಿನ ಸಂಖ್ಯೆಗಳನ್ನು ಹಾಳೆಯಲ್ಲಿ ಬರೆಯಲಿ, ತಾಯಂದಿರು ಅದರ ಚಿತ್ರ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಲಿ ಎಂದು ಸೂಚಿಸಿದೆವು. ಮೊದಲ ಕೆಲವು ದಿನ ಈತ ಹಾಳೆಯನ್ನು ಹರಿದೆಸೆದ. ಅನಂತರ ಒಂದು ಸಂಜೆ ಆ ಕಡೆಯಿಂದ ಬಂದ ಪಟ್ಟಿಯಲ್ಲಿ ಒಂದು ಸಂಖ್ಯೆ ಬಿಟ್ಟುಹೋಗಿತ್ತು. ಈತ ಅದನ್ನು ಕೆಂಪು ಶಾಯಿಯಲ್ಲಿ ಬರೆದು ಮರಳಿ ಕಳುಹಿಸಿದ. ನಿದ್ರೆಯೂ ಕ್ರಮೇಣ ಮರಳಿತು.

ನಿಮ್ಮ ಮನೆಯಲ್ಲಿ ಇಂಥ ಮಗುವಿದ್ದರೆ ಶಿಕ್ಷಕರನ್ನು ಒಮ್ಮೆ ಕೇಳಿ: ಬಿಡುವಿನ ವೇಳೆ ನಮ್ಮ ಮಗು ಯಾರ ಪಕ್ಕದಲ್ಲಿ ನಿಲ್ಲುತ್ತದೆ? ಬೇಸಿಗೆ ರಜೆ ಬರುವ ಮುನ್ನವೇ ಆ ಮನೆಯವರ ದೂರವಾಣಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.