95 ಸೆಕೆಂಡಿನಲ್ಲಿ ದಾಟಬಹುದಾದ ಸಿನಿಮಾ

1971ರಲ್ಲಿ ಅಮೆರಿಕದಲ್ಲಿ ತೆರೆಕಂಡ ‘ಆನ್ ಎನಿ ಸಂಡೇ’ ಎಂಬ ಸಾಕ್ಷ್ಯಚಿತ್ರದ ಅವಧಿ 96 ನಿಮಿಷ. ಸೆಕೆಂಡಿಗೆ 24 ಚೌಕಟ್ಟಿನಂತೆ ಎಣಿಸಿದರೆ 1,38,240 ಚಿತ್ರಗಳು. ಚಿತ್ರಮಂದಿರದ 35 ಮಿ.ಮೀ. ರೀಲಿನಲ್ಲಿ ಇವನ್ನೆಲ್ಲ ಸುರುಳಿ ಬಿಚ್ಚಿ ಮರಳಿನ ಮೇಲೆ ಉದ್ದಕ್ಕೆ ಹಾಸಿದರೆ 2.6 ಕಿಲೋಮೀಟರ್ ದಾಟುತ್ತದೆ. ಚಿತ್ರದ ನಾಯಕ ಮಾಲ್ಕಮ್ ಸ್ಮಿತ್ ತನ್ನ ಹಸ್ಕ್ವಾರ್ನಾ ಬೈಕನ್ನು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಆ ರೀಲಿನ ಪಕ್ಕದಲ್ಲೇ ಓಡಿಸಿದ ಅಂದುಕೊಳ್ಳಿ. ಈ ತುದಿಯಿಂದ ಆ ತುದಿಗೆ 95 ಸೆಕೆಂಡ್! ನಾವು ಒಂದೂವರೆ ಗಂಟೆ ಕೂತು ನೋಡುವುದನ್ನು ಆತ ಒಂದೂವರೆ ನಿಮಿಷದಲ್ಲಿ ಹಿಂದೆ ಹಾಕಿ, ಧೂಳೆಬ್ಬಿಸಿ, ಬಹುಶಃ ನಕ್ಕು ಹೋಗಿರುತ್ತಿದ್ದ. ‘ಬಹುಶಃ’ ಎಂದದ್ದು ಸುಮ್ಮನೆ. ಬೈಕಿನ ಮೇಲೆ ಕೂತಾಗ ಈ ಮನುಷ್ಯನ ಮುಖದಿಂದ ನಗು ಇಳಿದದ್ದೇ ಅಪರೂಪ.

ಚಿತ್ರ ನಿರ್ದೇಶಿಸಿದವನು ಬ್ರೂಸ್ ಬ್ರೌನ್. ಅದಕ್ಕೂ ಮೊದಲು ಆತ ಕಡಲ ಅಲೆಗಳ ಬೆನ್ನು ಹತ್ತಿದ ‘ದಿ ಎಂಡ್‌ಲೆಸ್ ಸಮ್ಮರ್’ ಚಿತ್ರವನ್ನು ಬರೀ 50,000 ಡಾಲರಿನಲ್ಲಿ ಮುಗಿಸಿದ್ದ. ಅದು ಜಗತ್ತಿನಾದ್ಯಂತ ತಂದುಕೊಟ್ಟದ್ದು 2 ಕೋಟಿ ಡಾಲರಿಗೂ ಹೆಚ್ಚು ಎಂಬ ಲೆಕ್ಕವಿದೆ. ಅಂದರೆ ಹಾಕಿದ ಒಂದು ಡಾಲರಿಗೆ 400 ಡಾಲರ್. ಇಂಥ ಬೆಳೆ ತೆಗೆದವನ ಮುಂದೆ ಬ್ಯಾಂಕುಗಳು ಸಾಲುಗಟ್ಟಿ ನಿಲ್ಲಬೇಕಿತ್ತು. ಬ್ರೌನ್ ಹೋಗಿದ್ದು ಮಾತ್ರ ನಟ ಸ್ಟೀವ್ ಮೆಕ್ವೀನ್ ಬಳಿಗೆ. ಚಿತ್ರದಲ್ಲಿ ನನ್ನ ಪಾತ್ರವೇನು ಎಂದು ಮೆಕ್ವೀನ್ ಕೇಳಿದನಂತೆ. ದುಡ್ಡು ಹಾಕುವುದೇ ನಿನ್ನ ಪಾತ್ರ ಎಂಬರ್ಥದ ಉತ್ತರ ಬಂತಂತೆ. ಕೊನೆಗೆ ಸುಮಾರು 3,13,000 ಡಾಲರ್ ಸೇರಿತು, ಹಿಂದಿನ ಚಿತ್ರದ ಆರು ಪಟ್ಟು. ಅದೇ ಮೆಕ್ವೀನ್ ಒಂದು ಕಾಲಕ್ಕೆ ಇಟ್ಟುಕೊಂಡಿದ್ದ ಹಸ್ಕ್ವಾರ್ನಾ ಬೈಕೊಂದು 2011ರಲ್ಲಿ ಹರಾಜಿಗೆ ಬಂದಾಗ 1,44,500 ಡಾಲರಿಗೆ ಹೋಯಿತು. ರೂಪಾಯಿ, ಡಾಲರುಗಳ ಬೆಲೆ ಕುಸಿದದ್ದನ್ನು ಸದ್ಯ ಮರೆತುಬಿಡಿ: ಇಡೀ ಸಿನಿಮಾಕ್ಕೆ ಬಿದ್ದ ದುಡ್ಡಿನ ಹೆಚ್ಚುಕಡಿಮೆ ಅರ್ಧ, ಒಂದೇ ಒಂದು ಹಳೇ ಬೈಕಿಗೆ!

ಆ ಬಜೆಟ್ಟಿನಲ್ಲಿ ದೊಡ್ಡ ಉಪಕರಣಗಳಿಗೆ ಜಾಗವಿರಲಿಲ್ಲ. ನಿಧಾನಗತಿಯ ದೃಶ್ಯ ಬೇಕೆನಿಸಿದಾಗ 12 ವೋಲ್ಟಿನ ಕ್ಯಾಮರಾಕ್ಕೆ 24 ವೋಲ್ಟಿನ ಬ್ಯಾಟರಿ ಜೋಡಿಸಿದರು. ಕ್ಯಾಮರಾ ಹೇಗೆ ಬದುಕಿತೋ ಕೇಳಬೇಡಿ. ಬದುಕಿತು, ಗಾಳಿಯಲ್ಲಿ ತೇಲುವ ಬೈಕುಗಳನ್ನು ಹಿಡಿದುಕೊಟ್ಟಿತು, ಚಿತ್ರ ಆಸ್ಕರ್ ನಾಮನಿರ್ದೇಶನದವರೆಗೂ ಹೋಯಿತು.

ಈಗ ಜನಸಂಖ್ಯೆಗೆ ಬರೋಣ. ಚಿತ್ರದಲ್ಲಿ ಬರುವ ಕ್ಯಾಲಿಫೋರ್ನಿಯಾದ ಲೇಕ್ ಎಲ್ಸಿನೋರ್ 1970ರಲ್ಲಿ ಸುಮಾರು 3,500 ಜನರ ಪುಟ್ಟ ಊರು. ಆ ವರ್ಷ ಅಲ್ಲಿನ ಗ್ರ್ಯಾಂಡ್ ಪ್ರಿ ಓಟಕ್ಕೆ ಬಂದ ಸವಾರರು ಸುಮಾರು 1,500. ಊರಿನ ಪ್ರತಿ ಏಳು ಜನರಿಗೆ ಮೂರು ರೇಸ್ ಬೈಕು. ಕೈಗೂಸಿನಿಂದ ಹಣ್ಣು ಹಣ್ಣು ಮುದುಕರವರೆಗೆ ಎಲ್ಲರನ್ನೂ ಎಣಿಸಿಯೇ ಈ ಲೆಕ್ಕ. ಊರಿನ ಬೀದಿಯಲ್ಲಿ ಹೊರಟು, ಗುಡ್ಡದ ಮಣ್ಣಿಗೆ ಹಾರಿ, ಮತ್ತೆ ಬೀದಿಗೆ ಬೀಳುವ ಓಟ. ಆ ಗದ್ದಲದಲ್ಲಿ ಹಾಲಿವುಡ್ಡಿನ ದೊಡ್ಡ ತಾರೆಯಾದ ಮೆಕ್ವೀನ್ ಕೂಡ ಧೂಳು ತಿನ್ನುತ್ತ ಓಡಿಸುತ್ತಿದ್ದ. ಗೆದ್ದವನು? ಮಾಲ್ಕಮ್ ಸ್ಮಿತ್.

1,500 ಹೆಚ್ಚಾಯಿತೆನಿಸಿದರೆ ಅದನ್ನು ಎರಡರಿಂದ ಗುಣಿಸಿ. 1974ರಲ್ಲಿ ಮೊಹಾವಿ ಮರುಭೂಮಿಯ ಬಾರ್‌ಸ್ಟೋದಿಂದ ಲಾಸ್ ವೇಗಸ್‌ಗೆ ಹೊರಟ ಓಟದಲ್ಲಿ ಸುಮಾರು 3,000 ಬೈಕುಗಳು. ಇಲ್ಲಿ ಹಿಂದೆ ಮುಂದೆ ನಿಲ್ಲುವ ಪದ್ಧತಿಯಿಲ್ಲ, ಎಲ್ಲರೂ ಒಂದೇ ಅಡ್ಡಸಾಲಿನಲ್ಲಿ ನಿಲ್ಲುವವರೇ. ಒಂದು ಹ್ಯಾಂಡಲ್‌ಬಾರಿಗೆ 80 ಸೆಂಟಿಮೀಟರ್ ಹಿಡಿದರೆ, ಮೊಣಕೈಗೆ ಮೊಣಕೈ ತಾಗಿಸಿ ನಿಂತರೂ ಆ ಸಾಲಿನ ಉದ್ದ 2.4 ಕಿಲೋಮೀಟರ್. ಎಡತುದಿಯವನಿಗೆ ಬಲತುದಿಯವನು ಯಾರೆಂದು ದುರ್ಬೀನಿಲ್ಲದೆ ತಿಳಿಯದು! ತಲಾ 30 ಅಶ್ವಶಕ್ತಿ ಎಂದರೆ ಒಟ್ಟು 90,000. ನಮ್ಮ ರೈಲ್ವೆಯ 14 ಡಬ್ಲ್ಯುಎಪಿ-7 ವಿದ್ಯುತ್ ಎಂಜಿನ್ನುಗಳನ್ನು ಸಾಲಾಗಿ ಜೋಡಿಸಿದರೆ ಬರುವ ತಾಕತ್ತು, ಒಂದು ಸಂಜ್ಞೆಗೆ, ಒಂದೇ ಕ್ಷಣದಲ್ಲಿ, ಸಡಿಲ ಮರಳಿನ ಮೇಲೆ. ಮರುವರ್ಷ ಸರ್ಕಾರ ಅನುಮತಿ ಕೊಡಲಿಲ್ಲ. ಪಾಪ, ಸರ್ಕಾರವನ್ನು ದೂರುವಂತೆಯೂ ಇಲ್ಲ.

ಇದೆಲ್ಲ ಒಂದು ದಿನದ ಓಟಗಳ ಮಾತು. ನಿಜವಾದ ಹುಚ್ಚು ಇನ್ನೂ ದಕ್ಷಿಣಕ್ಕಿದೆ, ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದಲ್ಲಿ. ಸುಮಾರು 1,250 ಕಿಲೋಮೀಟರ್ ಉದ್ದಕ್ಕೆ ಸಮುದ್ರದೊಳಗೆ ಇಳಿಬಿದ್ದ ಪರ್ಯಾಯ ದ್ವೀಪ. ಅದರ ಉದ್ದಕ್ಕೂ ಡಾಂಬರು ರಸ್ತೆ ಪೂರ್ಣಗೊಂಡದ್ದೇ 1973ರಲ್ಲಿ. ಅದಕ್ಕೂ 11 ವರ್ಷ ಮೊದಲು, 1962ರ ಮಾರ್ಚಿನಲ್ಲಿ, ಡೇವ್ ಎಕಿನ್ಸ್ ಮತ್ತು ಬಿಲ್ ರಾಬರ್ಟ್‌ಸನ್ ಎಂಬಿಬ್ಬರು 250 ಸಿಸಿಯ ಹೊಂಡಾಗಳನ್ನೇರಿ ಟಿಹುವಾನಾದಿಂದ ಲಾ ಪಾಸ್‌ಗೆ ಹೊರಟರು. ಹೊರಟ ಹೊತ್ತಿಗೂ ಮುಟ್ಟಿದ ಹೊತ್ತಿಗೂ ಸಾಕ್ಷಿ ಟೆಲಿಗ್ರಾಫ್ ಕಚೇರಿಯಲ್ಲಿ ಬಿದ್ದ ಮುದ್ರೆ. ದೂರ 1,530 ಕಿಲೋಮೀಟರಿಗೂ ಹೆಚ್ಚು, ಎಕಿನ್ಸ್‌ಗೆ ಹಿಡಿದ ಸಮಯ 39 ಗಂಟೆ 56 ನಿಮಿಷ. ನಿದ್ದೆಯಿಲ್ಲದ ಒಂದೂವರೆ ದಿನಕ್ಕೂ ಹೆಚ್ಚು ಅಂತಾಯಿತು.

ದಾಖಲೆ ಅಂದಮೇಲೆ ಮುರಿಯುವವರು ಬಂದೇ ಬರುತ್ತಾರೆ. 1967ರಲ್ಲಿ ಬ್ರೂಸ್ ಮೇಯರ್ಸ್ ತಾನೇ ಕಟ್ಟಿದ ಮರಳುಗಾಡಿಯಲ್ಲಿ 34 ಗಂಟೆ 45 ನಿಮಿಷಕ್ಕೆ ಇಳಿಸಿದ. ಅದೇ ವರ್ಷದ ಕೊನೆಯಲ್ಲಿ ಮೊದಲ ಅಧಿಕೃತ ಓಟ: 68 ವಾಹನಗಳು, 849 ಮೈಲಿ, ನಮ್ಮ ಲೆಕ್ಕದಲ್ಲಿ 1,366 ಕಿಲೋಮೀಟರ್. ಬೀದರಿನಿಂದ ಚಾಮರಾಜನಗರಕ್ಕೆ ನೇರ ಗೆರೆ ಎಳೆದು, ಆ ಗೆರೆಯ ಮೇಲೇ ಹೋಗಿ ಆ ಗೆರೆಯ ಮೇಲೇ ಬೀದರಿಗೆ ಮರಳಿದರೂ ಇನ್ನೊಂದು ಮೂವತ್ತು ಕಿಲೋಮೀಟರ್ ಬಾಕಿ ಉಳಿಯುತ್ತದೆ. ಅದೂ ರಸ್ತೆಯಿಲ್ಲದೆ, ಬಹುಪಾಲು ಕಲ್ಲು, ಕಳ್ಳಿ, ಒಣಹಳ್ಳ. ಗೆದ್ದ ಗಾಡಿಗೆ ಹಿಡಿದದ್ದು 27 ಗಂಟೆ 38 ನಿಮಿಷ. ಐದೂವರೆ ವರ್ಷದಲ್ಲಿ ದಾಖಲೆಯಿಂದ ಅರ್ಧ ದಿನವೇ ಉದುರಿಹೋಗಿತ್ತು.

ಬೈಕುಗಳ ಪೈಕಿ ಮೊದಲು ಬಂದ ಜೋಡಿ ಜೆ.ಎನ್. ರಾಬರ್ಟ್ಸ್ ಮತ್ತು ಮಾಲ್ಕಮ್ ಸ್ಮಿತ್. 28 ಗಂಟೆ 48 ನಿಮಿಷ. ಈ ಅಂಕಿಯನ್ನು ನಾನು ಸುಮ್ಮನೆ ಬಿಡಲಾರೆ. ಮುಂದಿನ ಚಕ್ರ ಒಂದು ಸುತ್ತು ತಿರುಗಿದರೆ ಸುಮಾರು 2.15 ಮೀಟರ್. ಹಾಗಾದರೆ ಆ ಓಟದಲ್ಲಿ ಚಕ್ರ ತಿರುಗಿದ್ದು 6 ಲಕ್ಷದ 35 ಸಾವಿರ ಸಲ. ಒಂಟಿ ಸಿಲಿಂಡರಿನ ಟೂ-ಸ್ಟ್ರೋಕ್ ಎಂಜಿನ್. ಪ್ರತಿ ಸುತ್ತಿಗೂ ಒಂದು ಸಿಡಿತ. ನಿಮಿಷಕ್ಕೆ ಸರಾಸರಿ 5,000 ಸುತ್ತು ಎಂದು ಜಿಪುಣತನದಿಂದ ಹಿಡಿದರೂ ದಾರಿಯುದ್ದಕ್ಕೂ 86 ಲಕ್ಷ ಸಿಡಿತಗಳು, ಸೆಕೆಂಡಿಗೆ 83. ಸವಾರನ ಎದೆ ನಿಮಿಷಕ್ಕೆ 150ರಂತೆ ಹೊಡೆದುಕೊಂಡಿದ್ದರೂ ಅಷ್ಟು ಹೊತ್ತಿಗೆ 2 ಲಕ್ಷದ 60 ಸಾವಿರ ಬಡಿತ ಮುಟ್ಟುತ್ತಿರಲಿಲ್ಲ. ಒಂದು ಬಡಿತಕ್ಕೆ 33 ಸ್ಫೋಟ, ಎರಡು ತೊಡೆಗಳ ನಡುವೆ!

ಮುಂದೆ ಬಾಹಾ 1000 ಎಂದು ಹೆಸರಾದ ಈ ಓಟವನ್ನು ಸ್ಮಿತ್ ಒಟ್ಟು ಆರು ಸಲ ಗೆದ್ದ, ಅರ್ಧ ಬೈಕಿನಲ್ಲಿ, ಅರ್ಧ ಕಾರಿನಲ್ಲಿ. ಅದರ ತಮ್ಮನಂಥ ಬಾಹಾ 500ರಲ್ಲಿ ನಾಲ್ಕು ಗೆಲುವು. ಕೆನಡಾದ ಸಾಲ್ಟ್ ಸ್ಪ್ರಿಂಗ್ ದ್ವೀಪದಲ್ಲಿ 1941ರಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ಹುಡುಗ ಮೊದಲು ಓಡಿಸಿದ್ದು ಲ್ಯಾಂಬ್ರೆಟಾ ಸ್ಕೂಟರು ಎಂದರೆ ನಂಬಲು ತುಸು ಕಷ್ಟ. ನಂತರ ಒಂದೂವರೆ ಕ್ವಿಂಟಾಲ್ ಮೀರಿದ ಮ್ಯಾಚ್‌ಲೆಸ್, ಆಮೇಲೆ ಸುಮಾರು ಒಂದೇ ಕ್ವಿಂಟಾಲಿನ ಸ್ವೀಡನ್ನಿನ ಹಸ್ಕ್ವಾರ್ನಾ.

ಆದರೂ ಸ್ಮಿತ್‌ನ ಅಂಕಿಗಳಲ್ಲಿ ನನ್ನನ್ನು ಹೌಹಾರಿಸುವುದು ಬಾಹಾ ಅಲ್ಲ, ಆರು ದಿನಗಳ ಅಂತರರಾಷ್ಟ್ರೀಯ ಟ್ರಯಲ್. 1913ರಿಂದ ನಡೆದುಬಂದ ಸ್ಪರ್ಧೆ ಅದು. ಇಲ್ಲಿ ಎದುರಾಳಿ ಪಕ್ಕದ ಸವಾರನಲ್ಲ, ಗಡಿಯಾರ. ಬೈಕು ಕೆಟ್ಟರೆ ಸವಾರನೇ ರಿಪೇರಿ ಮಾಡಿಕೊಳ್ಳಬೇಕು, ಮುಖ್ಯ ಭಾಗಗಳಿಗೆ ಗುರುತು ಹಾಕಿರುವುದರಿಂದ ಬದಲಾಯಿಸುವಂತಿಲ್ಲ, ಸರದಿ ತೆಗೆದುಕೊಳ್ಳಲು ಜೊತೆಗಾರನೂ ಇಲ್ಲ. 1970ರಲ್ಲಿ ಸ್ಪೇನಿನ ಎಲ್ ಎಸ್ಕೋರಿಯಾಲ್‌ನಲ್ಲಿ ನಡೆದದ್ದನ್ನು ಬ್ರೌನ್ ಚಿತ್ರದಲ್ಲಿ ತೋರಿಸುತ್ತಾನೆ. ತೆರೆಯ ಮೇಲೆ ಅದು ಕೆಲವೇ ನಿಮಿಷ. ಸ್ಮಿತ್ 1966ರಿಂದ 1976ರೊಳಗೆ ಇದರಲ್ಲಿ ಗೆದ್ದದ್ದು ಎಂಟು ಚಿನ್ನ. ಎಂಟು ಸಲ ಆರು, 48 ದಿನ. ದಿನಕ್ಕೆ 320 ಕಿಲೋಮೀಟರ್ ಲೆಕ್ಕ ಹಿಡಿಯಿರಿ: 15,000 ಕಿಲೋಮೀಟರ್ ದಾಟಿತು. ಭೂಮಿಯ ವ್ಯಾಸ 12,742 ಕಿಲೋಮೀಟರ್. ಕಾಲಡಿಯಲ್ಲೇ ಸುರಂಗ ತೋಡಿ, ನೆಟ್ಟಗೆ ಇಳಿದು, ಭೂಗರ್ಭವನ್ನು ದಾಟಿ ಆಚೆ ಮಗ್ಗುಲಿಗೆ ಎದ್ದರೂ ಬೈಕಿನಲ್ಲಿ ಇನ್ನೂ 2,600 ಕಿಲೋಮೀಟರ್ ಬಾಕಿ. ಅಷ್ಟೂ ದೂರ ಕೆಸರು, ಬಂಡೆ, ಕಾಡುಹಾದಿ, ಗಡಿಯಾರಕ್ಕೆ ಸೋಲದೆ.

ಬ್ರೌನ್ ಮಗ ಡೇನಾ ಕೂಡ ಸುಮ್ಮನಿರಲಿಲ್ಲ. 2003ರ ಬಾಹಾ 1000ವನ್ನು ಹಿಡಿಯಲು ಆತ 50ಕ್ಕೂ ಹೆಚ್ಚು ಕ್ಯಾಮರಾ, ನಾಲ್ಕು ಹೆಲಿಕಾಪ್ಟರ್ ಇಳಿಸಿದ; ಆ ಚಿತ್ರ 2005ರ ‘ಡಸ್ಟ್ ಟು ಗ್ಲೋರಿ’. ಅದರಲ್ಲಿ ಮೌಸ್ ಮೆಕಾಯ್ ಎಂಬಾತ ಸರದಿ ಬದಲಿಸದೆ ಇಡೀ ಓಟವನ್ನು ಒಬ್ಬನೇ ಓಡಿಸುತ್ತಾನೆ. ಅಷ್ಟರಲ್ಲಿ ಓಟವೇ ಹಿಗ್ಗಿತ್ತು. 2000ನೇ ಇಸವಿಯ ವಿಶೇಷ ಬಾಹಾ 2,700 ಕಿಲೋಮೀಟರ್ ಮೀರಿತ್ತು, ಅಂದರೆ 1967ರ ಓಟದ ಎರಡರಷ್ಟು. ಜಾನಿ ಕ್ಯಾಂಬೆಲ್ ಮತ್ತು ಟಿಮ್ ಸ್ಟಾಬ್ ಹೊಂಡಾದಲ್ಲಿ ಅದನ್ನು ಮುಗಿಸಿದ್ದು ಸುಮಾರು 31 ಗಂಟೆಯಲ್ಲಿ. ಗಂಟೆಗೆ ಸರಾಸರಿ 87 ಕಿಲೋಮೀಟರ್, ಮರುಭೂಮಿಯಲ್ಲಿ, ಕತ್ತಲಲ್ಲೂ!

ಆ ಧೂಳಿನ ಎಳೆ ಬೆಂಗಳೂರಿಗೂ ಬಂದಿದೆ. ಬಾಹಾ ಎಂಬ ಹೆಸರು ಆ ಪರ್ಯಾಯ ದ್ವೀಪದಿಂದ ಎದ್ದು ಇಂಥ ಓಟಗಳ ವಿಶ್ವಕಪ್ಪಿಗೇ ಅಂಟಿಕೊಂಡಿದೆ. 2019ರಲ್ಲಿ ಅದರ ಮಹಿಳಾ ವಿಭಾಗವನ್ನು ಗೆದ್ದವರು ಬೆಂಗಳೂರಿನ ಐಶ್ವರ್ಯಾ ಪಿಸ್ಸೆ. ಮೋಟಾರ್ ಕ್ರೀಡೆಯಲ್ಲಿ ವಿಶ್ವ ಪ್ರಶಸ್ತಿ ಪಡೆದ ಮೊದಲ ಭಾರತೀಯರು ಅವರೇ. ಅದಕ್ಕೂ ನಾಲ್ಕು ವರ್ಷ ಮೊದಲು ಬೆಂಗಳೂರಿನವರೇ ಆದ ಸಿ.ಎಸ್. ಸಂತೋಷ್ 9,000 ಕಿಲೋಮೀಟರ್ ಮೀರಿದ ಡಕಾರ್ ರ‍್ಯಾಲಿಯನ್ನು 36ನೆಯವರಾಗಿ ಮುಗಿಸಿದ್ದರು. 1967ರ ಆರೂವರೆ ಬಾಹಾಗಳನ್ನು ಒಂದರ ಹಿಂದೊಂದು ಪೋಣಿಸಿದಷ್ಟು.

ಕೊನೆಗೊಂದು ದೊಡ್ಡ ಲೆಕ್ಕ ಉಳಿದಿದೆ. 1960ರಲ್ಲಿ ಇಡೀ ಅಮೆರಿಕದಲ್ಲಿ ನೋಂದಣಿಯಾಗಿದ್ದ ಮೋಟಾರ್‌ಸೈಕಲ್ಲುಗಳು ಆರು ಲಕ್ಷಕ್ಕೂ ಕಡಿಮೆ. 1970ರಲ್ಲಿ 28 ಲಕ್ಷ. 1975ರಲ್ಲಿ ಸುಮಾರು 50 ಲಕ್ಷ. ಎಲ್ಲವೂ ‘ಆನ್ ಎನಿ ಸಂಡೇ’ಯ ಮಹಿಮೆ ಎಂದರೆ ಹೊಂಡಾ ಕಂಪನಿಯವರು ಬಂದು ಕಿವಿ ಹಿಂಡಿಯಾರು, ತಮ್ಮ ಜಾಹೀರಾತಿಗೆ ಅವರು ಸುರಿದ ದುಡ್ಡೇನು ಕಡಿಮೆಯೇ? ಆದರೆ ಸಿನಿಮಾ ನೋಡಿ ನೇರವಾಗಿ ಬೈಕಿನಂಗಡಿಗೆ ನಡೆದವರ ತಲೆಮಾರೊಂದು ಅಲ್ಲಿತ್ತು ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆ ಕೊನೆಯ ಐದು ವರ್ಷಗಳಲ್ಲಿ ಹೆಚ್ಚಾದ ಬೈಕುಗಳನ್ನು ಹಗಲು ರಾತ್ರಿ ಬಿಡದೆ ಹಂಚಿದರೆ ಸುಮಾರು 72 ಸೆಕೆಂಡಿಗೆ ಒಂದು. ಆ ಲೆಕ್ಕದಲ್ಲಿ ಚಿತ್ರದ ಒಂದು ಆಟ ಮುಗಿಯುವಷ್ಟರಲ್ಲಿ ದೇಶದಲ್ಲಿ 80 ಬೈಕು ಹೆಚ್ಚು. ಇನ್ನು 1975ರ ಅಷ್ಟೂ ಬೈಕುಗಳನ್ನು, ಒಂದಕ್ಕೆ ಎರಡು ಮೀಟರಿನಂತೆ, ಮುಂದಿನದರ ಹಿಂಚಕ್ರಕ್ಕೆ ಹಿಂದಿನದರ ಮುಂಚಕ್ರ ತಾಗಿಸಿ ನಿಲ್ಲಿಸುತ್ತ ಹೋದರೆ 10,000 ಕಿಲೋಮೀಟರ್. ಭೂಮಧ್ಯರೇಖೆಯಿಂದ ಉತ್ತರ ಧ್ರುವಕ್ಕೂ ಅಷ್ಟೇ ದೂರ. ಸಾಲಿನ ಈ ತುದಿಯವನು ಬೆವರು ಒರೆಸಿಕೊಳ್ಳುತ್ತಿದ್ದರೆ ಆ ತುದಿಯವನು ಹಿಮದಲ್ಲಿ ನಡುಗುತ್ತ ಕಿಕ್ಕರ್ ಹೊಡೆಯಬೇಕು, ಅದೂ ಹಿಮಕರಡಿ ಬರುವುದರೊಳಗೆ.