ಗಾಳಿಯ ಆಣಿಯೂ ಮನೆಯ ಮರಗೆಲಸವೂ

ಮಣಿಪಾಲದ ಗುಡ್ಡವನ್ನಿಳಿದು ಹಿರಿಯಡಕದ ಕಡೆಗೆ ಹೋಗುವ ಹಾದಿಯಲ್ಲಿ ಸಿಕ್ಕುವ ಪರ್ಕಳದಲ್ಲಿ ಈಚೆಗೆ ಹೊಸಮನೆ ಕಟ್ಟಿಸುವವರೂ ಹಳೆಮನೆಯನ್ನು ದುರಸ್ತಿ ಮಾಡಿಸುವವರೂ ಬಹಳ ಮಂದಿ. ಅಂಥ ಮನೆಗಳ ಮುಂದೆ ನಡೆದುಹೋಗುವವರ ಕಿವಿಗೆ ಹಿಂದಿನಂತೆ ಕೊಡತಿಯ ಸದ್ದು ಬೀಳುವುದು ಅಪೂರ್ವವಾಗಿದೆ. ಅದರ ಬದಲು ಒಂದು ಯಂತ್ರದ ಗುರುಗುಟ್ಟುವಿಕೆ, ನಡುನಡುವೆ ಟಪ್ ಟಪ್ ಎಂಬ ಚಿಕ್ಕ ಸಿಡಿತ. ಇದು ಒತ್ತಿದ ಗಾಳಿಯ ಬಲದಿಂದ ಆಣಿ ಹೊಡೆಯುವ ಸಾಧನ. ಬಡಗಿಗಳು ಇದನ್ನು ‘ಗನ್’ ಎಂದಷ್ಟೇ ಕರೆಯುತ್ತಾರೆ. ಮನೆ ಕಟ್ಟಿಸುವ ಗೃಹಸ್ಥನು ತಾನು ಕೈಯಲ್ಲಿ ಹಿಡಿಯದಿದ್ದರೂ ಇದರ ಗುಣದೋಷಗಳನ್ನು ತಿಳಿದಿರುವುದು ಅಗತ್ಯ. ಏಕೆಂದರೆ ಕೆಲಸ ಮುಗಿದ ಮೇಲೆ ಆ ಪಟ್ಟಿಗಳೊಡನೆ ಬಾಳತಕ್ಕವನು ಅವನೇ ಹೊರತು ಬಡಗಿಯಲ್ಲ.

ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ ದಾರಂದವು ಹಲಸಿನದೋ ಕಿರಾಲುಬೋಗಿಯದೋ ಆಗಿರುತ್ತಿತ್ತು. ಒಂದು ಮರಕ್ಕೆ ತೂತು ಕೊರೆದು, ಇನ್ನೊಂದರ ತುದಿಯನ್ನು ಅದಕ್ಕೆ ಸರಿಯಾಗಿ ಕೆತ್ತಿ ಸೇರಿಸಿ, ಅಡ್ಡಲಾಗಿ ಮರದ ಗೂಟ ಬಡಿಯುತ್ತಿದ್ದರು. ಕಬ್ಬಿಣಕ್ಕೆ ಅಲ್ಲಿ ಕೆಲಸ ಕಡಮೆ. ಈ ಕ್ರಮದ ಹಿರಿಮೆಯನ್ನು ಕಣ್ಣಾರೆ ನೋಡಬೇಕೆನ್ನುವವರು ಪರ್ಕಳದಿಂದ ದೂರ ಹೋಗಬೇಕಾಗಿಲ್ಲ. ೨೦೧೭ರಲ್ಲಿ ದಿವಂಗತರಾದ ವಿಜಯನಾಥ ಶೆಣೈಯವರು ಮಣಿಪಾಲದಲ್ಲಿ ಕಟ್ಟಿ ಬೆಳೆಸಿದ ಹಸ್ತಶಿಲ್ಪ ಗ್ರಾಮದಲ್ಲಿ ೧೮೧೬ರ ಕುಂಜೂರು ಚೌಕಿಮನೆಯು ನಿಂತಿದೆ. ಒಂದೆಡೆ ಕಟ್ಟಿದ ಮನೆಯನ್ನು ಬಿಚ್ಚಿ ತಂದು ಇನ್ನೊಂದೆಡೆ ಮತ್ತೆ ನಿಲ್ಲಿಸುವುದು ಸಾಧ್ಯವಾದದ್ದು ಹೇಗೆ? ಹಳೆಯ ಬಡಗಿಯ ಜೋಡಣೆಯು ಬಿಚ್ಚಬಲ್ಲ ಜೋಡಣೆಯಾಗಿದ್ದುದರಿಂದ. ಗೋಂದು ಹಚ್ಚಿ ಸಣ್ಣ ಆಣಿ ಹೊಡೆದ ಕೆಲಸವನ್ನು ಹಾಗೆ ಬಿಚ್ಚಲು ಹೋದರೆ ಕೈಗೆ ಬರುವುದು ಚಕ್ಕೆಗಳು ಮಾತ್ರ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ಮಾತುಗಳನ್ನು ಓದಬೇಕು.

ಹಾಗಾದರೆ ಆಣಿಯ ಗನ್ನಿಗೆ ಮನೆಯಲ್ಲಿ ಸ್ಥಾನವೆಲ್ಲಿ? ಅಂಚುಗಳಲ್ಲಿ. ಸಿಮೆಂಟಿನ ಗಿಲಾವು ದಾರಂದವನ್ನು ಮುಟ್ಟುವೆಡೆಯಲ್ಲಿ ಬಿರುಕು ಕಾಣುತ್ತದೆ. ಪ್ಲೈವುಡ್ಡಿನ ಕಪಾಟಿನ ಅಂಚಿನಲ್ಲಿ ಪದರಗಳು ಕಾಣುತ್ತವೆ. ಕಿಟಿಕಿಯ ಕನ್ನಡಿಗೆ ಒತ್ತು ಬೇಕಾಗುತ್ತದೆ. ಇವನ್ನೆಲ್ಲ ಮುಚ್ಚುವುದಕ್ಕೆ ತೆಳ್ಳಗಿನ ಬೀಡಿಂಗ್ ಪಟ್ಟಿ. ಅಂಥ ಪಟ್ಟಿಗೆ ಸುತ್ತಿಗೆಯಿಂದ ಆಣಿ ಬಡಿದರೆ ಹಲವು ಬಾರಿ ಸೀಳುತ್ತದೆ, ಸುತ್ತಿಗೆಯ ಗುರುತು ಉಳಿಯುತ್ತದೆ, ಎರಡನೆಯ ಪೆಟ್ಟಿಗೆ ಪಟ್ಟಿ ಜರುಗುತ್ತದೆ. ಗನ್ನು ಒಂದೇ ಏಟಿಗೆ, ಒಂದೇ ಕೈಯಿಂದ, ಪಟ್ಟಿ ಅಲುಗುವ ಮೊದಲೇ ಕೆಲಸವನ್ನು ಮುಗಿಸುತ್ತದೆ. ಅದರ ಉಪಕಾರವೆಲ್ಲ ಇಷ್ಟರಲ್ಲಿದೆ. ಇದು ಸಣ್ಣ ಉಪಕಾರವೇನೂ ಅಲ್ಲ.

ಯಂತ್ರದ ರಹಸ್ಯ ಸರಳ. ಕಂಪ್ರೆಸ್ಸರು ಒಂದು ಉಕ್ಕಿನ ತೊಟ್ಟಿಯಲ್ಲಿ ಗಾಳಿಯನ್ನು ತುಂಬಿ ಒತ್ತುತ್ತದೆ. ಮೋಟಾರುಗಾಡಿಯ ಚಕ್ರಕ್ಕೆ ಚದರಂಗುಲಕ್ಕೆ ೩೦ ಪೌಂಡಿನ ಆಸುಪಾಸು ಗಾಳಿ ಸಾಕಾದರೆ, ಈ ಗನ್ನಿಗೆ ೬೦ರಿಂದ ೧೦೦ ಪೌಂಡಿನವರೆಗೆ ಬೇಕು. ಕುದುರೆಯನ್ನು, ಎಂದರೆ ಬೆರಳಿನಿಂದ ಎಳೆಯುವ ಕೀಲನ್ನು, ಒತ್ತಿದೊಡನೆ ಕವಾಟ ತೆರೆದು ಗಾಳಿಯು ಒಳಗಿನ ಕೊಂತದ ಮೇಲೆ ಬೀಳುತ್ತದೆ; ಕೊಂತಕ್ಕೆ ಸೇರಿದ ಉಕ್ಕಿನ ಅಲಗು ಸಾಲಿನ ಮೊದಲನೆಯ ಆಣಿಯನ್ನು ಮರದೊಳಕ್ಕೆ ನೂಕುತ್ತದೆ; ಬೆರಳು ಬಿಟ್ಟರೆ ಅಲಗು ಮೇಲಕ್ಕೆ ಮರಳುತ್ತದೆ. ಅಮೆರಿಕೆಯಲ್ಲಿ ಇಂಥ ಸಾಧನವು ಮಾರಾಟಕ್ಕೆ ಬಂದುದು ೧೯೫೦ರಲ್ಲಿ. ಆಗ ಅದನ್ನು ನೆಲಕ್ಕೆ ಹಲಗೆ ಬಡಿಯಲು ಉಪಯೋಗಿಸುತ್ತಿದ್ದರು.

ಅಂಗಡಿಯಲ್ಲಿ ದೊರೆಯುವ ಆಣಿಗಳಲ್ಲಿ ಎರಡನ್ನು ಗುರುತಿಸಿಕೊಂಡರೆ ಸಾಕು. ೧೮ ಗೇಜಿನದು ಒಂದು ಮಿಲಿಮೀಟರಿಗಿಂತ ತುಸು ದಪ್ಪ. ಅದಕ್ಕೆ ಸಣ್ಣ ತಲೆಯುಂಟು, ಹೊಡೆದಲ್ಲಿ ಗುಳಿ ಉಳಿಯುತ್ತದೆ, ಪುಟ್ಟಿ ತುಂಬಬೇಕು. ೨೩ ಗೇಜಿನದು ಸುಮಾರು ೦.೬ ಮಿಲಿಮೀಟರು, ತಲೆಯೇ ಇಲ್ಲ, ಹೊಡೆದ ಸ್ಥಳವನ್ನು ಹುಡುಕಿ ನೋಡಬೇಕು. ಪಿನ್ ಎಂಬ ಹೆಸರು ಇದಕ್ಕೇ ಸಲ್ಲುತ್ತದೆ. ಕಣ್ಣಿಗೆ ಕಾಣದು ಎಂಬುದೇ ಇದರ ಗುಣ, ಇದರ ದೋಷವೂ ಅದೇ: ತಲೆಯಿಲ್ಲದ ಆಣಿಯು ಪಟ್ಟಿಯನ್ನು ಹಿಡಿದಿಡಲಾರದು. ಎಳೆದರೆ ಆಣಿ ಗೋಡೆಯ ಕಡೆಗುಳಿದು ಪಟ್ಟಿ ಕೈಗೆ ಬರುತ್ತದೆ. ಆದುದರಿಂದ ಪಿನ್ನು ಹೊಡೆಯುವ ಪಟ್ಟಿಗೆ ಗೋಂದು ಹಚ್ಚಲೇಬೇಕು. ಪಟ್ಟಿಯನ್ನು ಹಿಡಿಯುವುದು ಗೋಂದು. ಅದು ಒಣಗುವವರೆಗೆ ಪಟ್ಟಿ ಜಾರದಂತೆ ಒತ್ತಿಹಿಡಿಯುವುದಷ್ಟೇ ಪಿನ್ನಿನ ಕಾರ್ಯ. ೧೯೪೭ರ ನವೆಂಬರ್ ೨ರಂದು ಒಮ್ಮೆ ಮಾತ್ರ ಹಾರಿದ ಹೌವರ್ಡ್ ಹ್ಯೂಸನ ಮಹಾ ಮರದ ವಿಮಾನದಲ್ಲಿ ಇದೇ ನ್ಯಾಯವನ್ನು ಕೊನೆಯವರೆಗೆ ಒಯ್ದಿದ್ದರು: ಹಲಗೆಗಳಿಗೆ ಅಂಟು ಹಚ್ಚಿ ಆಣಿ ಹೊಡೆದು, ಅಂಟು ಗಟ್ಟಿಯಾದ ಮೇಲೆ ಆಣಿಗಳನ್ನೆಲ್ಲ ಕಿತ್ತುಹಾಕಿದರು! ದಿನಕೂಲಿಯ ಲೆಕ್ಕದಲ್ಲಿ ಅವಸರಪಡುವ ಕೆಲಸಗಾರನು ಬಿಟ್ಟುಬಿಡುವುದು ಸಾಮಾನ್ಯವಾಗಿ ಈ ಗೋಂದನ್ನೇ. ಅಂದು ನೋಡಿದವರಿಗೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ವ್ಯತ್ಯಾಸ ತಿಳಿಯಲು ಒಂದು ಮಳೆಗಾಲ ಕಳೆಯಬೇಕು.

ಇಲ್ಲಿ ಪರ್ಕಳದವರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದುಂಟು. ನಮ್ಮ ಗೋಡೆಗಳು ಮುರಕಲ್ಲಿನವು. ಪರದೇಶದ ಪುಸ್ತಕಗಳಲ್ಲಿ ಗೋಡೆಗೆ ಪಟ್ಟಿ ಹೊಡೆಯುವ ವಿಧಾನವನ್ನು ಓದುವವರು ಅಲ್ಲಿಯ ಗೋಡೆಯೊಳಗೆ ಮರದ ಕಂಬಗಳಿರುತ್ತವೆಂಬುದನ್ನು ಮರೆಯಬಾರದು. ಗಿಲಾವು ಮಾಡಿದ ಮುರಕಲ್ಲಿಗೆ ಪಿನ್ನು ಹೊಡೆದರೆ ಅದು ಬಾಗುತ್ತದೆ, ಇಲ್ಲವೆ ಗಿಲಾವಿನ ಚಕ್ಕೆಯನ್ನೆಬ್ಬಿಸುತ್ತದೆ. ದಾರಂದದ ಮರಕ್ಕೆ ಪಟ್ಟಿಯ ಒಳ ಅಂಚನ್ನು ಹೊಡೆಯಬಹುದು. ಹೊರ ಅಂಚಿಗೆ ಬೇಕಾದರೆ ಗೋಡೆಗೆ ಮೊದಲು ರೀಪನ್ನು ಸ್ಕ್ರೂ ಹಾಕಿ ಕೂರಿಸಿ, ಆ ರೀಪಿನ ಮೇಲೆ ಗನ್ನು ನಡೆಸಬೇಕು. ಇನ್ನು ಬೋಗಿಯ ಗಟ್ಟಿ ಮರದಲ್ಲಿ ೨೩ ಗೇಜಿನ ಪಿನ್ನು ಅರ್ಧಕ್ಕೆ ನಿಂತು ಬಾಗುವುದುಂಟು; ಅಲ್ಲಿ ೧೮ ಗೇಜು, ಇಲ್ಲವೆ ಹಿಂದಿನವರಂತೆ ಬೈರಿಗೆಯಿಂದ ತೂತು ಕೊರೆದು ಕೈಯಾಣಿ.

ಮಳೆಯ ಮಾತು. ವರ್ಷಕ್ಕೆ ೪೦೦೦ ಮಿಲಿಮೀಟರಿನಷ್ಟು ಮಳೆ ಸುರಿಯುವ ಜಿಲ್ಲೆಯಲ್ಲಿ ಮರವು ಸುಮ್ಮನಿರುವುದಿಲ್ಲ. ಅದು ಉದ್ದಕ್ಕೆ ಹೆಚ್ಚು ಕಡಮೆಯಾಗದು, ಅಗಲಕ್ಕೆ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಬಾಗಿಲಿನ ಮೂಲೆಯಲ್ಲಿ ಎರಡು ಪಟ್ಟಿಗಳನ್ನು ಓರೆಯಾಗಿ ೪೫ ಅಂಶಕ್ಕೆ ಕೊಯ್ದು ಕೂಡಿಸುವರಷ್ಟೆ. ಮಾರ್ಚಿಯಲ್ಲಿ ಕೂದಲೆಳೆಯೂ ತೂರದಂತೆ ಕೂಡಿದ ಆ ಮೂಲೆಯು ಜುಲೈಯಲ್ಲಿ ಹೊರಮೂಲೆಯ ಕಡೆ ಬಾಯಿಬಿಡುತ್ತದೆ. ಮಳೆಗಾಲದಲ್ಲಿ ಕೂಡಿಸಿದ್ದು ಬೇಸಗೆಯಲ್ಲಿ ಒಳಗಡೆ ಬಾಯಿಬಿಡುತ್ತದೆ. ಪಟ್ಟಿ ಅಗಲವಾದಷ್ಟೂ ಈ ಬಾಯಿ ದೊಡ್ಡದು. ಚೆನ್ನಾಗಿ ಒಣಗಿದ ಮರವನ್ನು ತಂದು, ಕೆಲವು ದಿನ ಅದೇ ಕೋಣೆಯಲ್ಲಿಟ್ಟು, ಬಳಿಕ ಕೊಯ್ದು, ಕೂಡುವ ಎರಡು ಮುಖಗಳಿಗೂ ಗೋಂದು ಹಚ್ಚಿ, ಒಂದು ಪಿನ್ನನ್ನು ಮೇಲಿನಿಂದಲೂ ಇನ್ನೊಂದನ್ನು ಬದಿಯಿಂದಲೂ ಹೊಡೆದರೆ ದೋಷವು ಬಹಳಮಟ್ಟಿಗೆ ಕಡಮೆಯಾಗುತ್ತದೆ. ಕಡಲ ಗಾಳಿ ತಾಗುವ ಊರಿನಲ್ಲಿ ಸಾದಾ ಉಕ್ಕಿನ ಪಿನ್ನು ತುಕ್ಕು ಹಿಡಿದು ತಿಳಿಬಣ್ಣದ ಪಟ್ಟಿಯ ಮೇಲೆ ಕಪ್ಪು ಚುಕ್ಕೆಗಳನ್ನು ಮೂಡಿಸುತ್ತದೆ. ಹೊರಗಿನ ಕಿಟಿಕಿಗೂ ಬಚ್ಚಲಿನ ಬಾಗಿಲಿಗೂ ತುಕ್ಕು ಹಿಡಿಯದ ಸ್ಟೀಲಿನ ಪಿನ್ನನ್ನೇ ಕೇಳಿ ತರಿಸತಕ್ಕದ್ದು.

ಅಪಾಯದ ವಿಷಯವನ್ನು ಬಡಗಿಗಳು ನಗುತ್ತ ತಳ್ಳಿಹಾಕುವುದನ್ನು ನಾವು ಕಂಡಿದ್ದೇವೆ. ನಗುವ ವಿಷಯ ಅದಲ್ಲ. ಅಮೆರಿಕೆಯಲ್ಲಿ ೨೦೦೧ರಿಂದ ೨೦೦೫ರವರೆಗೆ ಎಲ್ಲ ಜಾತಿಯ ಆಣಿಗನ್ನುಗಳಿಂದ ಗಾಯಗೊಂಡು ಆಸ್ಪತ್ರೆಯ ತುರ್ತುವಿಭಾಗಕ್ಕೆ ಬಂದವರ ಸಂಖ್ಯೆ ವರ್ಷಕ್ಕೆ ಸರಾಸರಿ ೩೭,೦೦೦ವೆಂದು ಅಲ್ಲಿನ ಸರಕಾರವೇ ಅಂದಾಜು ಮಾಡಿತು. ಗಾಯಗಳಲ್ಲಿ ಹೆಚ್ಚಿನವು ಕೈಗೆ, ಬೆರಳಿಗೆ. ಕಾರಣ ಸ್ಪಷ್ಟ. ಸಪೂರ ಪಿನ್ನು ಮರದ ಎಳೆಯನ್ನೋ ಗಂಟನ್ನೋ ತಾಗಿದರೆ ನೇರವಾಗಿ ಹೋಗದೆ ಎಳೆಯ ದಾರಿಯನ್ನು ಹಿಡಿದು ಪಟ್ಟಿಯ ಬದಿಯಿಂದ ಹೊರಬರುತ್ತದೆ. ಅಲ್ಲಿಯೇ ಹಿಡಿದ ಬೆರಳಿರುತ್ತದೆ. ಪಿನ್ನಿನ ಉದ್ದಕ್ಕಿಂತ ಹೆಚ್ಚು ದೂರದಲ್ಲಿ ಕೈಯನ್ನಿಡಬೇಕು. ಕಣ್ಣಿಗೆ ಕನ್ನಡಕ ಬೇಕು. ಆಣಿ ಸಿಕ್ಕಿಕೊಂಡರೆ ಗಾಳಿಯ ಕೊಳವೆಯನ್ನು ಕಳಚಿದ ಮೇಲೆಯೇ ಮೂತಿಯನ್ನು ತೆರೆಯಬೇಕು. ಕೆಲವು ಗನ್ನುಗಳಲ್ಲಿ ಮೂತಿಯನ್ನು ಮರಕ್ಕೆ ಒತ್ತದೆ ಆಣಿ ಹಾರದಂತೆ ಕಟ್ಟುಂಟು. ಆ ಕಟ್ಟಿಲ್ಲದವೂ ಉಂಟು. ಮಧ್ಯಾಹ್ನ ಊಟಕ್ಕೆ ಏಳುವಾಗ ಕೊಳವೆ ಕಳಚದೆ ಗನ್ನನ್ನು ಚಾವಡಿಯಲ್ಲಿ ಬಿಟ್ಟುಹೋದರೆ, ಮನೆಯ ಮಕ್ಕಳಿಗೆ ಅದು ಆಟದ ಸಾಮಾನಿನಂತೆಯೇ ತೋರುತ್ತದೆ. ಕೆಲಸ ಒಪ್ಪಿಸುವ ದಿನವೇ ಯಜಮಾನನು ಈ ಒಂದು ಮಾತನ್ನು ಖಂಡಿತವಾಗಿ ಹೇಳಿಬಿಡಬೇಕು.

ಅದೇ ದಿನ ಕೇಳಬೇಕಾದುದು ಇನ್ನೂ ಕೆಲವುಂಟು. ಯಾವ ಪಟ್ಟಿಗೆ ಯಾವ ಗೇಜು? ಗೋಂದು ಯಾರ ಖರ್ಚಿನಲ್ಲಿ? ಹಳೆಯ ಹಲಸಿನ ದಾರಂದಕ್ಕೆ ಹೊಸ ಪಟ್ಟಿ ಬೇಕೇಬೇಕೇ? ಎರಡು ತಲೆಮಾರು ಕಂಡ ದಾರಂದವು ಸಡಿಲವಾಗಿದ್ದರೆ ಅದರ ಮೇಲೆ ಪಟ್ಟಿ ಹೊಡೆದು ಮುಚ್ಚುವುದು ಸುಲಭ. ಗೂಟವನ್ನು ತೆಗೆದು ಬೇರೆ ಗೂಟ ಹೊಡೆಯುವುದು ಸರಿ. ಅದನ್ನು ಬಲ್ಲ ಹಿರಿಯ ಆಚಾರಿಗಳು ನಮ್ಮ ಸುತ್ತಣ ಗ್ರಾಮಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಒಂದು ದಿನದ ಮಟ್ಟಿಗೆ ಕರೆಸಿ ತೋರಿಸಿ, ಮತ್ತೆ ಗನ್ನಿನವರಿಗೆ ಪ್ಲೈವುಡ್ಡಿನ ಕಪಾಟನ್ನು ಒಪ್ಪಿಸಿದರೆ ಇಬ್ಬರಿಗೂ ಅವರವರ ಕೆಲಸ ಸಿಗುತ್ತದೆ.

ಸ್ವಂತಕ್ಕೆ ಯಂತ್ರ ಕೊಳ್ಳುವವರಿಗೆ ಒಂದು ಮಾತು. ನಮ್ಮ ತೇವದ ಗಾಳಿಯನ್ನು ಒತ್ತಿದಾಗ ತೊಟ್ಟಿಯ ತಳದಲ್ಲಿ ನೀರು ಕೂಡುತ್ತದೆ. ಆಷಾಢದಲ್ಲಿ ಅದು ಲೋಟಗಟ್ಟಲೆ. ಸಂಜೆ ಕೆಲಸ ಮುಗಿದೊಡನೆ ಅಡಿಯ ತಿರುಪನ್ನು ಬಿಚ್ಚಿ ಆ ನೀರನ್ನು ಹರಿಯಬಿಡಬೇಕು, ಬೆಳಿಗ್ಗೆ ಗನ್ನಿನ ಗಾಳಿಬಾಯಿಗೆ ಅದಕ್ಕೆಂದೇ ಮಾರುವ ಎಣ್ಣೆಯ ಎರಡು ಹನಿ ಬಿಡಬೇಕು. ಎಣ್ಣೆ ಬೇಡದ ಜಾತಿಯ ಗನ್ನಾದರೆ ಹನಿ ಹಾಕಬಾರದು. ಒಳಗಿನ ರಬ್ಬರು ಕೆಟ್ಟುಹೋಗುತ್ತದೆ, ಎಣ್ಣೆಯ ಕಲೆಯು ಪಟ್ಟಿಯ ಮೇಲೆ ಬಿದ್ದು ಪಾಲೀಶು ಹಿಡಿಯುವುದಿಲ್ಲ.