ಹಳೆಯ ಕಾರಿನ ಹೀಟರ್ ಸೋರಿದರೆ

ಕೊನೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ 2023ರಲ್ಲಿ ಮುಂಬಯಿಯ ರಸ್ತೆಯಿಂದ ಮರೆಯಾಯಿತು. ಆದರೂ ಅಪ್ಪನ ಹಳೆಯ ಕಾರನ್ನು ಜತನದಿಂದ ಕಾಯ್ದುಕೊಂಡ ತರುಣರು ನಮ್ಮಲ್ಲಿದ್ದಾರೆ. ಅವರಿಗೊಂದು ಕಿವಿಮಾತು.

ಗ್ರಾಂಟ್ ರೋಡಿನ ಸೆಕೆಯಲ್ಲಿ ಹೀಟರ್ ಯಾಕೆ ಎನ್ನಬೇಡಿ. ಇಂಜಿನ್ ತಣಿಸುವ ಕೂಲೆಂಟೇ ಡ್ಯಾಶ್‌ಬೋರ್ಡ್ ಹಿಂದಿನ ಹೀಟರ್ ಕೋರ್ ಎಂಬ ಪುಟ್ಟ ರೇಡಿಯೇಟರಿನಲ್ಲೂ ಹರಿಯುತ್ತದೆ. ಅದು ಸೋರಿ ಖಾಲಿಯಾದರೆ ಇಂಜಿನ್ನೇ ಕೆಟ್ಟೀತು! ಕಾರಿನೊಳಗೆ ಸಿಹಿ ವಾಸನೆ, ಗಾಜಿನ ಮೇಲೆ ಜಿಡ್ಡು ಮಂಜು, ಕಾಲಡಿಯ ಕಾರ್ಪೆಟ್ ಅಂಟಂಟು ಒದ್ದೆ: ಇವೇ ಲಕ್ಷಣ. ಎ.ಸಿ. ನೀರು ಅಂಟುವುದಿಲ್ಲ.

ಇಂಜಿನ್ ತಣ್ಣಗಾದ ಮೇಲೆ ಮೆಕ್ಯಾನಿಕ್ ಹೀಟರಿನ ಎರಡೂ ಪೈಪುಗಳನ್ನು ಒಂದಕ್ಕೊಂದು ಜೋಡಿಸಿದರೆ ಸೋರಿಕೆ ನಿಲ್ಲುತ್ತದೆ. ಪೇಟೆಯ ಓಡಾಟಕ್ಕೆ ಅಷ್ಟು ಸಾಕು. ಆದರೆ ಮಳೆಗಾಲದಲ್ಲಿ ಊರಿಗೆ ಹೊರಟರೆ, ಘಟ್ಟದಲ್ಲಿ ಗಾಜಿನ ಮಂಜು ಬಿಡಿಸಲು ಹೀಟರ್ ಬೇಕೇ ಬೇಕು. ಹಳೆಯ ಕೋರ್ ಹಿಡಿದು ಒಪೆರಾ ಹೌಸ್ ಬಳಿಯ ಬಿಡಿಭಾಗಗಳ ಅಂಗಡಿಗಳಲ್ಲಿ ವಿಚಾರಿಸಿ. ಚೆಲ್ಲಿದ ಕೂಲೆಂಟ್ ವಿಷ. ಮಕ್ಕಳ ಕೈಗೆ ಸಿಗದಂತೆ ಒರೆಸಿಬಿಡಿ.